ಬೇಸಿಗೆಯ ಸಂಶೋಧನೆಗೆ ಚಳಿಗಾಲದಲ್ಲೇ ಅರ್ಜಿ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಬಿ.ಎಸ್ಸಿ. ಓದುವ ನಮ್ಮ ಅನೇಕ ಮಕ್ಕಳು ಬೇಸಿಗೆ ರಜೆಯಲ್ಲಿ ಮಗ್ಗಕ್ಕೋ ಅಂಗಡಿಗೋ ಹೋಗಿ ಮನೆಗೆ ನೆರವಾಗುತ್ತಾರೆ. ಅದೇ ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಪ್ರಯೋಗಾಲಯದಲ್ಲಿ ಕೆಲಸ ಕಲಿತು, ಶಿಷ್ಯವೇತನವನ್ನೂ ಪಡೆಯುವ ಅವಕಾಶ ಉಂಟು. ಇದು ಹಲವರಿಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ದಿನಾಂಕ ಮುಗಿದಿರುತ್ತದೆ.

ಎಲ್ಲಿ? ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿ ಮತ್ತು ಪ್ರಯಾಗರಾಜದ ವಿಜ್ಞಾನ ಅಕಾಡೆಮಿಗಳೊಂದಿಗೆ ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ನೀಡುತ್ತದೆ. ಆಯ್ಕೆಯಾದವರು ದೇಶದ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದೇ ಫೆಲೋಶಿಪ್ ಕೊಡುತ್ತದೆ.

ಯಾವಾಗ? ಪ್ರಕಟಣೆ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಬರುತ್ತದೆ. ಯಾವ ವರ್ಷದ ವಿದ್ಯಾರ್ಥಿಗಳು ಅರ್ಹರು, ಎಷ್ಟು ಅಂಕ ಬೇಕು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ಅರ್ಜಿಯನ್ನು ವಿದ್ಯಾರ್ಥಿಯೇ ಆನ್‌ಲೈನ್‌ನಲ್ಲಿ ತುಂಬಬಹುದು; ಏಜೆಂಟರಿಗೆ ದುಡ್ಡು ಕೊಡಬೇಡಿ.

ಏನು ಬೇಕು? ಹತ್ತನೇ ತರಗತಿಯಿಂದ ಈವರೆಗಿನ ಅಂಕಪಟ್ಟಿಗಳು, ಕಾಲೇಜಿನ ಅಧ್ಯಾಪಕರ ಶಿಫಾರಸು ಪತ್ರ, ಏನು ಕಲಿಯಬೇಕೆಂದಿದ್ದೇನೆ ಎಂಬ ಪುಟ್ಟ ಬರಹ. ಶಿಫಾರಸನ್ನು ದೊಡ್ಡ ಹುದ್ದೆಯವರಿಂದ ಕೇಳುವುದಕ್ಕಿಂತ, ಪ್ರಾಕ್ಟಿಕಲ್ ತರಗತಿಯಲ್ಲಿ ನಿಮ್ಮ ಮಗುವಿನ ಕೆಲಸ ಕಂಡ ಅಧ್ಯಾಪಕರಿಂದ ಕೇಳುವುದು ಲೇಸು. ಅವರಿಗೆ ಎರಡು ವಾರ ಮೊದಲೇ ತಿಳಿಸಬೇಕು.

ಮಕ್ಕಳು ಎಡವುವುದು ಬರಹದಲ್ಲಿ. "ನನಗೆ ವಿಜ್ಞಾನದಲ್ಲಿ ಬಹಳ ಆಸಕ್ತಿ" ಎಂದು ಎಲ್ಲರೂ ಬರೆಯುತ್ತಾರೆ. ಬನಹಟ್ಟಿಯ ಹುಡುಗಿ ನೂಲಿಗೆ ಬಣ್ಣ ಹಾಕಿದ ನೀರನ್ನು ಶುದ್ಧಗೊಳಿಸುವುದು ಹೇಗೆಂದು ಕೇಳಲಿ. ಜಮಖಂಡಿಯ ಹುಡುಗ ಕಬ್ಬಿನ ಹೊಲ ಸವಳಾಗುವುದೇಕೆಂದು ಕೇಳಲಿ. ಅದಕ್ಕೆ ಸಂಬಂಧಿಸಿ ಕಾಲೇಜಿನಲ್ಲಿ ಏನು ಓದಿದ್ದೇನೆ, ಯಾವ ಪ್ರಯೋಗ ಮಾಡಿದ್ದೇನೆ ಎಂದು ಸೇರಿಸಲಿ. ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು, ಆಮೇಲೆ ಇಂಗ್ಲಿಷಿಗೆ ತರಲಿ. ಬೇರೆಯವರ ಬರಹ ನಕಲು ಮಾಡಕೂಡದು.

ಹೆಣ್ಣುಮಕ್ಕಳನ್ನು ದೂರ ಕಳಿಸಲು ಅಳುಕುವುದು ಸಹಜ. ವಸತಿ ಎಲ್ಲಿ, ಜೊತೆಗೆ ಯಾರು ಎಂದು ಸಂಸ್ಥೆಗೆ ಬರೆದು ಕೇಳಿ. ಮೊದಲ ದಿನ ನೀವೇ ಬಿಟ್ಟು ಬನ್ನಿ. ವಿಚಾರಿಸದೆ ಬೇಡವೆನ್ನಬೇಡಿ.

ಶಿಷ್ಯವೇತನ ಕೈಸೇರುವವರೆಗೆ ಊಟ, ವಸತಿಗೆ ಹಣ ಬೇಕಾದೀತು. ದಾನಿಗಳ ನೆರವು ಇಲ್ಲಿಯೇ ಹೆಚ್ಚು ಉಪಯುಕ್ತ. ಅರ್ಜಿ ಹಾಕಬಯಸುವವರು ಸೆಪ್ಟೆಂಬರ್ ಒಳಗೆ ಅಂಕಪಟ್ಟಿಗಳೊಂದಿಗೆ ಟ್ರಸ್ಟ್ ಕಚೇರಿಗೆ ಬರಲಿ. ಒಮ್ಮೆ ಆಯ್ಕೆಯಾಗದಿದ್ದರೆ, ಅರ್ಹತೆ ಇರುವವರೆಗೆ ಮುಂದಿನ ವರ್ಷವೂ ಪ್ರಯತ್ನಿಸಲಿ, ಇನ್‌ಶಾ ಅಲ್ಲಾಹ್.