ಹಳೆಯ ಕ್ರೆಡಿಟ್ ಕಾರ್ಡ್ ಸಾಲ: ಕೋರ್ಟಿನ ಸಮನ್ಸ್ ಬಂದರೆ ಏನು ಮಾಡಬೇಕು?

ಜುಮಾ ಖುತ್ಬಾದಲ್ಲಿ ಸಾಲದ ವಿಷಯ ಬಂದಾಗಲೆಲ್ಲ ಒಂದು ಘಟನೆಯನ್ನು ಕೇಳುತ್ತೇವೆ. ಸಾಲ ಉಳಿಸಿಕೊಂಡು ತೀರಿಹೋದ ವ್ಯಕ್ತಿಯ ಜನಾಝಾ ಬಂದಾಗ ಪ್ರವಾದಿ(ಸ) ನಮಾಝಿಗೆ ನಿಲ್ಲಲಿಲ್ಲ. ಅಬೂ ಖತಾದ(ರ) ಆ ಸಾಲ ನನ್ನ ಮೇಲಿರಲಿ ಎಂದ ನಂತರವೇ ನಿಂತರು. ಸಾಲ ಅಷ್ಟು ಗಂಭೀರವಾದದ್ದು. ಅದೇ ಸಮಯದಲ್ಲಿ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಸೂರಃ ಅಲ್ ಬಕರದ 280ನೇ ಆಯತ್ ಕಲಿಸುತ್ತದೆ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಮನೆಗಳಿಗೆ ಈಗ ಹೆಚ್ಚಾಗಿ ಬರುತ್ತಿರುವ ಒಂದು ಸಂಕಟದ ಬಗ್ಗೆ ತಿಳಿದುಕೊಳ್ಳೋಣ.

ಐದಾರು ವರ್ಷದ ಹಿಂದೆ ಯಾರೋ ಮನೆ ಬಾಗಿಲಿಗೇ ಬಂದು ಕ್ರೆಡಿಟ್ ಕಾರ್ಡ್ ಮಾಡಿಕೊಟ್ಟರು. ಆಸ್ಪತ್ರೆಗೋ ಮಗಳ ಮದುವೆಗೋ ಖರ್ಚಾಯಿತು. ಲಾಕ್‌ಡೌನ್‌ನಲ್ಲಿ ದುಡಿಮೆ ನಿಂತಿತು, ಕಂತೂ ನಿಂತಿತು. ಈಗ ಮಾಯಕೊಂಡದ ಮನೆಗೆ ಕೋರ್ಟಿನ ಲಕೋಟೆ ಬಂದಿದೆ. ನಲವತ್ತು ಸಾವಿರ ಖರ್ಚು ಮಾಡಿದವನ ಮೇಲೆ ಒಂದೂವರೆ ಲಕ್ಷದ ದಾವೆ. ಇಂಥ ಲಕೋಟೆ ಬಂದಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ಹೆದರಿ, ಹೆಂಡತಿಗೂ ಹೇಳದೆ, ಬೀರುವಿನಲ್ಲಿಟ್ಟು ಮರೆಯುವುದು.

ಮೊದಲು ಕಾಗದ ಯಾವುದೆಂದು ನೋಡಿ

ವಕೀಲರ ನೋಟಿಸ್ ಬೇರೆ, ಲೋಕ ಅದಾಲತ್ತಿಗೆ ಬನ್ನಿ ಎಂಬ ಪತ್ರ ಬೇರೆ, ಕೋರ್ಟಿನ ಸಮನ್ಸ್ ಬೇರೆ. ಸಮನ್ಸ್‌ನಲ್ಲಿ ನ್ಯಾಯಾಲಯದ ಹೆಸರು, ಮೊಹರು, ದಾವೆಯ ಸಂಖ್ಯೆ ಮತ್ತು ಹಾಜರಾಗಬೇಕಾದ ದಿನಾಂಕ ಇರುತ್ತವೆ. ಜೊತೆಗೆ ಬ್ಯಾಂಕಿನ ವಾದಪತ್ರದ ಪ್ರತಿ ಇರಬೇಕು. ಅನುಮಾನವಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ಪೊಲೀಸರು ಬರುತ್ತಾರೆ, ಜೈಲಿಗೆ ಹಾಕುತ್ತೇವೆ ಎಂದು ಫೋನಿನಲ್ಲಿ ಹೇಳುವುದು ಸಮನ್ಸ್ ಅಲ್ಲ. ಕಾರ್ಡಿನ ಬಾಕಿ ಸಿವಿಲ್ ವಿಷಯ. ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಮಾತ್ರ ಅದು ಬೇರೆ ಪ್ರಕರಣವಾಗುತ್ತದೆ, ಅದನ್ನು ಕಡೆಗಣಿಸಬೇಡಿ.

ಸಮನ್ಸ್ ತೆಗೆದುಕೊಳ್ಳಲು ನಿರಾಕರಿಸಿದರೆ ಪ್ರಯೋಜನವಿಲ್ಲ. ನಿರಾಕರಿಸಿದರೂ ಜಾರಿಯಾಯಿತೆಂದೇ ಕೋರ್ಟು ಪರಿಗಣಿಸಬಹುದು. ಬೆಂಗಳೂರು ಅಥವಾ ಚೆನ್ನೈ ಕೋರ್ಟಿನಿಂದ ಬಂದಿದ್ದರೂ ದೂರವೆಂದು ಬಿಡಬೇಡಿ. ಆ ಕೋರ್ಟಿಗೆ ಅಧಿಕಾರವಿಲ್ಲ ಎಂಬ ಆಕ್ಷೇಪವನ್ನೂ ಅಲ್ಲಿಯೇ, ಆರಂಭದಲ್ಲೇ ಎತ್ತಬೇಕು.

ದಿನಗಳ ಲೆಕ್ಕ

ಸಾಮಾನ್ಯ ದಾವೆಯಲ್ಲಿ ಸಮನ್ಸ್ ಸಿಕ್ಕ 30 ದಿನಗಳೊಳಗೆ ನಿಮ್ಮ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ಸರಿಯಾಗಿದ್ದರೆ ನ್ಯಾಯಾಧೀಶರು 90 ದಿನದವರೆಗೆ ಅವಕಾಶ ಕೊಡಬಹುದು. ಸಮನ್ಸ್‌ನಲ್ಲಿ 'ಆದೇಶ 37' ಎಂದಿದ್ದರೆ ಅದು ಸಂಕ್ಷಿಪ್ತ ದಾವೆ. ಅಲ್ಲಿ ಹಾಜರಾಗಲು 10 ದಿನ ಮಾತ್ರ. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಆ ಡಿಕ್ರಿಗೆ 12 ವರ್ಷ ಆಯುಸ್ಸು. ಸಮನ್ಸ್ ಸಿಕ್ಕಿಯೇ ಇರಲಿಲ್ಲ ಅಥವಾ ಹಾಜರಾಗದಿರಲು ಬಲವಾದ ಕಾರಣವಿತ್ತು ಎಂದಾದರೆ ಡಿಕ್ರಿ ರದ್ದುಪಡಿಸಲು ಅರ್ಜಿ ಹಾಕಬಹುದು, ಆದರೆ ಅದಕ್ಕೂ 30 ದಿನಗಳ ಗಡುವು ಇದೆ.

ಸತ್ಯವನ್ನು ಬಿಡದೆ ಉತ್ತರ ಕೊಡುವುದು

ಕಾರ್ಡು ನಿಮ್ಮದೇ ಆಗಿದ್ದರೆ ನನ್ನದಲ್ಲ ಎನ್ನಬೇಡಿ. ಸಾಕ್ಷ್ಯ ನಮಗೇ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂದು ಸೂರಃ ಅನ್ನಿಸಾದ 135ನೇ ಆಯತ್ ಆದೇಶಿಸುತ್ತದೆ. ಆದರೆ ಕಾರ್ಡು ನನ್ನದು ಎಂದು ಒಪ್ಪುವುದೂ ಒಂದೂವರೆ ಲಕ್ಷ ಒಪ್ಪುವುದೂ ಒಂದೇ ಅಲ್ಲ. ವಾದಪತ್ರದಲ್ಲಿ ಯಾವುದನ್ನು ನೀವು ನಿರ್ದಿಷ್ಟವಾಗಿ ನಿರಾಕರಿಸುವುದಿಲ್ಲವೋ ಅದನ್ನು ಒಪ್ಪಿದಂತೆಯೇ ಕಾನೂನು ಭಾವಿಸುತ್ತದೆ. ಆದ್ದರಿಂದ ಪ್ರತಿ ಪ್ಯಾರಾಕ್ಕೂ ಉತ್ತರ ಬೇಕು.

ಸಹಿ ಮಾಡಿದ ಅರ್ಜಿ, ತಿಂಗಳವಾರು ಸ್ಟೇಟ್‌ಮೆಂಟ್, ನೀವು ಕಟ್ಟಿದ ಹಣದ ಲೆಕ್ಕ, ಇವನ್ನು ಕೇಳಿ. ಬ್ಯಾಂಕು ಸಾಲವನ್ನು ಬೇರೆ ಕಂಪನಿಗೆ ಮಾರಿದ್ದರೆ ಆ ವರ್ಗಾವಣೆ ಪತ್ರವನ್ನೂ ಕೇಳಿ. ಕಟ್ಟದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶಿಸಿದೆ. ಆ ದೃಷ್ಟಿಯಿಂದ ಲೆಕ್ಕ ನೋಡಿ. ಬಡ್ಡಿ ಬಹಳ ಹೆಚ್ಚು ಎಂಬ ಒಂದೇ ವಾದವನ್ನು ನಂಬಿ ಕೂರಬೇಡಿ. ಕಾರ್ಡ್ ಬಡ್ಡಿ ವರ್ಷಕ್ಕೆ ಶೇ. 30 ಮೀರಬಾರದೆಂಬ 2008ರ ರಾಷ್ಟ್ರೀಯ ಗ್ರಾಹಕ ಆಯೋಗದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿದೆ.

ಮೂರು ವರ್ಷದ ಕಾಲಮಿತಿ

1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಹಣದ ದಾವೆಯನ್ನು 3 ವರ್ಷಗಳೊಳಗೆ ಹೂಡಬೇಕು. ನೋಡಬೇಕಾದದ್ದು ದಾವೆ ದಾಖಲಾದ ದಿನ, ಸಮನ್ಸ್ ಕೈಗೆ ಬಂದ ದಿನವಲ್ಲ. ಇನ್ನೊಂದು ಸಂಗತಿಯನ್ನು ಮರೆಯಬಾರದು: ಕೋವಿಡ್ ಕಾರಣ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ಬಿಟ್ಟಿದೆ. ಉದಾಹರಣೆಗೆ, 2019ರ ಆಗಸ್ಟ್ 10ರಂದು ಬಾಕಿ ಬಿದ್ದಿದ್ದರೆ ಮಿತಿ 2022ಕ್ಕೆ ಮುಗಿಯುವುದಿಲ್ಲ, 2024ರ ಜುಲೈ ಕೊನೆಯ ಸುಮಾರಿಗೆ ಮುಗಿಯುತ್ತದೆ.

ಮಿತಿ ಮುಗಿಯುವ ಮೊದಲು ನೀವು ಸಾಲ ಒಪ್ಪಿ ಸಹಿ ಮಾಡಿದ್ದರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ನಿಮ್ಮ ಬರಹದ ದಾಖಲೆ ಇದ್ದರೆ, 3 ವರ್ಷ ಹೊಸದಾಗಿ ಶುರುವಾಗುತ್ತದೆ. ಮುಗಿದ ಮೇಲೂ ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರು. ವಸೂಲಿಯವರು ತಂದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ ಎನ್ನುವುದು ಇದಕ್ಕಾಗಿಯೇ.

ಇಲ್ಲೊಂದು ಪ್ರಶ್ನೆ ಏಳುತ್ತದೆ: ಕಾಲ ಮುಗಿದರೆ ಸಾಲವೂ ಮುಗಿಯಿತೇ? ಇಲ್ಲ. ನಮ್ಮ ದೇಶದ ಕಾನೂನು ಕೂಡ ಹಾಗೆ ಹೇಳುವುದಿಲ್ಲ. ಕೋರ್ಟಿನ ಮೂಲಕ ವಸೂಲಿ ಮಾಡುವ ದಾರಿ ಮುಚ್ಚುತ್ತದೆ, ಹಕ್ಕು ಅಳಿಯುವುದಿಲ್ಲ. ಅಲ್ಲಾಹನ ಮುಂದೆ ನಮ್ಮ ಲೆಕ್ಕವೂ ಉಳಿದೇ ಇರುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ನಾನು ನಿಜವಾಗಿ ಖರ್ಚು ಮಾಡಿದ್ದು ಎಷ್ಟು, ಈಗಾಗಲೇ ಕಟ್ಟಿದ್ದು ಎಷ್ಟು, ಉಳಿದದ್ದರಲ್ಲಿ ಬಡ್ಡಿ ಮತ್ತು ದಂಡ ಎಷ್ಟು. ಅಸಲು ಅಮಾನತ್ತು. ಬಡ್ಡಿಯ ವಿರುದ್ಧ ಕಾನೂನುಬದ್ಧವಾಗಿ ವಾದಿಸಿ ಭಾರ ಇಳಿಸಿಕೊಳ್ಳುವುದು ಮೋಸವಲ್ಲ. ನಿಮ್ಮ ಪರಿಸ್ಥಿತಿಯಲ್ಲಿ ಯಾವುದು ಸರಿ ಎಂಬ ಬಗ್ಗೆ ಆ ಹಾಳೆಯನ್ನು ಹಿಡಿದು ವಿದ್ವಾಂಸರನ್ನೂ ಕೇಳಿ.

ರಾಜಿ ಮತ್ತು ಉಚಿತ ನೆರವು

ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹಾಗಾಗಿ ಕಟ್ಟಲು ಆಗುವಷ್ಟಕ್ಕೆ ಮಾತ್ರ ಒಪ್ಪಿ. ಮೊತ್ತ, ಕಂತು, ದಾವೆ ಮುಗಿಸುವ ಷರತ್ತು ಬರಹದಲ್ಲಿರಲಿ. ಸಾಲವನ್ನು ಬರೆದಿಡಬೇಕೆಂದು ಅಲ್ ಬಕರದ 282ನೇ ಆಯತ್ ಕಲಿಸಿದ ಸಮುದಾಯ ನಮ್ಮದು. ಹಣ ಕಟ್ಟಿದ ನಂತರ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ದಾವಣಗೆರೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹರಿಹರದವರಿಗೆ ತಾಲ್ಲೂಕು ಸಮಿತಿ ಇದೆ. 15100ಕ್ಕೆ ಫೋನ್ ಮಾಡಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹತೆ ಇದೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಅವರ ಕಿರುಕುಳದ ಬಗ್ಗೆ ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಿ.

ಡಿಕ್ರಿ ಆದರೂ ಎಲ್ಲವೂ ಹೋಗುವುದಿಲ್ಲ

ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಯನ್ನು ಜಪ್ತಿ ಮಾಡುವಂತಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ, ಹಮಾಲಿಯಲ್ಲಿ ದುಡಿಯುವ ಸಹೋದರರು ಇದನ್ನು ತಿಳಿದಿರಲಿ. ಕಸುಬಿನ ಸಲಕರಣೆ, ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆಗಳಿಗೂ ರಕ್ಷಣೆ ಇದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಅಂದರೆ 16,000 ಸಂಬಳದಲ್ಲಿ 11,000 ನಿಮ್ಮದೇ. ಕಂತು ಮಾಡಿಕೊಡಿ ಎಂದು ನ್ಯಾಯಾಧೀಶರನ್ನು ಕೇಳಬಹುದು. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ. ಕೊಡುವ ಶಕ್ತಿಯೇ ಇಲ್ಲದ ಪ್ರಾಮಾಣಿಕ ಸಾಲಗಾರನನ್ನು ಬಡತನದ ಕಾರಣಕ್ಕೆ ಜೈಲಿಗೆ ಕಳಿಸಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲೇ, ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್ ನಡುವಿನ ಪ್ರಕರಣದಲ್ಲಿ ಹೇಳಿದೆ.

ಸಾಲ ಮಾಡಿದವರು ತೀರಿಹೋಗಿದ್ದರೆ, ಅವರು ಬಿಟ್ಟುಹೋದ ಆಸ್ತಿಯಷ್ಟಕ್ಕೆ ಮಾತ್ರ ವಾರಸುದಾರರು ಹೊಣೆ. ಶರೀಅತ್ತಿನಲ್ಲೂ ಆಸ್ತಿ ಹಂಚುವ ಮೊದಲು ಸಾಲ ತೀರಿಸಬೇಕು. ಕರಾರಿಗೆ ಸಹಿ ಹಾಕದ ವಿಧವೆಯನ್ನು, ನೀನೇ ದುಡಿದು ಕಟ್ಟು ಎಂದು ಯಾರೂ ಬೆದರಿಸುವಂತಿಲ್ಲ.

ಲಕೋಟೆ ಬಂದ ದಿನವೇ ಮನೆಯವರ ಮುಂದೆ ತೆರೆಯಿರಿ. ಬಂದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ಆ ವಾರದೊಳಗೆ ವಕೀಲರನ್ನೋ ಕಾನೂನು ಸೇವಾ ಕಚೇರಿಯನ್ನೋ ಕಾಣಿರಿ. ಜಮಾಅತ್ತಿನಲ್ಲಿ ಓದುಬರಹ ಬಲ್ಲವರು ಇಂಥ ಸಹೋದರರ ಜೊತೆ ಒಂದು ದಿನ ಕೋರ್ಟಿಗೆ ಹೋಗಿ ಬಂದರೆ ಅದೂ ದೊಡ್ಡ ಸದಕ. ಅಲ್ಲಾಹನು ನಮ್ಮೆಲ್ಲರನ್ನು ಸಾಲದ ಭಾರದಿಂದ ಮತ್ತು ಬಡ್ಡಿಯ ಬಲೆಯಿಂದ ಕಾಪಾಡಲಿ. ಆಮೀನ್.