ಲಿಂಗತ್ವ ಅಲ್ಪಸಂಖ್ಯಾತರ ಹೃದಯಾರೋಗ್ಯ

ಲಿಂಗತ್ವ ಅಲ್ಪಸಂಖ್ಯಾತರ ಹೃದಯಕ್ಕೆ ಒದಗುವ ಅಪಾಯವು ಕೇವಲ ಶಾರೀರಿಕ ಕಾರಣಗಳಿಂದ ಉಂಟಾದುದಲ್ಲ. ತಾರತಮ್ಯ ಹಾಗೂ ತಿರಸ್ಕಾರಗಳಿಂದ ಹುಟ್ಟುವ ದೀರ್ಘಕಾಲದ ಮಾನಸಿಕ ಒತ್ತಡದ ಪಾತ್ರವನ್ನು ಅಮೆರಿಕದ ಹೃದಯ ಸಂಘವು 2021ರ ತನ್ನ ವೈಜ್ಞಾನಿಕ ಹೇಳಿಕೆಯಲ್ಲಿ ಎತ್ತಿ ತೋರಿಸಿದೆ. ಭಾರತದಲ್ಲಿಯೂ ಈ ತೊಡಕು ಅಪರಿಚಿತವಲ್ಲ. ಹೆಂಗಸರ ಸಾಲೋ ಗಂಡಸರ ಸಾಲೋ ಎಂಬ ಪ್ರಶ್ನೆಗೇ ಅಂಜಿ ಆಸ್ಪತ್ರೆಯ ಬಾಗಿಲಿನಿಂದ ಹಿಂದಿರುಗುವವರ ರಕ್ತದೊತ್ತಡವನ್ನು ಅಳೆಯುವವರಾರು?

ಹೀಗೆ ವೈದ್ಯರನ್ನು ಕಾಣಲು ಹಿಂಜರಿಯುವ ಕೆಲವು ಮಂಗಳಮುಖಿಯರು ಸ್ತ್ರೀ ಹಾರ್ಮೋನಿಗಾಗಿ ಔಷಧದ ಅಂಗಡಿಯ ಗರ್ಭನಿರೋಧಕ ಗುಳಿಗೆಗಳನ್ನೇ ಸೇವಿಸುವುದುಂಟು. ಇಂತಹ ಹಲವು ಗುಳಿಗೆಗಳಲ್ಲಿರುವ ಈಸ್ಟ್ರೋಜೆನ್, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತದೆ. ಧೂಮಪಾನಿಗಳಲ್ಲಿ ಅಪಾಯ ಇನ್ನೂ ಅಧಿಕ. ವೈದ್ಯರ ಮೇಲ್ವಿಚಾರಣೆಯಲ್ಲಿ ಚರ್ಮದ ಮೂಲಕ ನೀಡುವ ಈಸ್ಟ್ರೋಜೆನ್‌ನಿಂದ ಈ ಭಯ ಕಡಿಮೆ. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಪಡೆಯುವವರಲ್ಲಿ ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಮಂದವಾಗಬಹುದಾದುದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆ ಅವಶ್ಯಕ.

2019ರ ಕಾಯಿದೆಯು ಆರೋಗ್ಯ ಸೇವೆಯಲ್ಲಿ ತಾರತಮ್ಯವನ್ನು ನಿಷೇಧಿಸಿತು. ಗುರುತಿನ ಪ್ರಮಾಣಪತ್ರ ಹೊಂದಿದವರಿಗೆ ಆಯುಷ್ಮಾನ್ ಭಾರತ್ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸಲು 2022ರಲ್ಲಿ ಒಪ್ಪಂದವಾಯಿತು. ಎದೆನೋವು, ಏಕಾಏಕಿ ಏದುಸಿರು ಅಥವಾ ಒಂದೇ ಕಾಲಿನ ಊತ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆ ಸೇರಬೇಕು. ಸೇವಿಸುತ್ತಿರುವ ಹಾರ್ಮೋನಿನ ವಿಷಯವನ್ನು ವೈದ್ಯರಿಂದ ಮರೆಮಾಚಬಾರದು.