ನೆರಳು ಅಳೆಯಲು ಅಪ್ಪ ಅಮ್ಮನೂ ಬರಲಿ

ಜೂನ್ ತಿಂಗಳ ಮೊದಲ ವಾರ ಯಾವುದಾದರೂ ಸರ್ಕಾರಿ ಪ್ರಾಥಮಿಕ ಶಾಲೆಯ ಗೇಟಿನ ಬಳಿ ನಿಂತು ನೋಡಿ. ಒಂದನೆಯ ತರಗತಿಗೆ ಸೇರಿದ ಮಕ್ಕಳ ತಾಯಂದಿರು, ಅಜ್ಜಿಯರು, ಸೊಂಟದ ಮೇಲೆ ಇನ್ನೊಂದು ಕೂಸನ್ನು ಹೊತ್ತವರು, ಕಿಟಕಿಯ ಸರಳು ಹಿಡಿದು ಒಳಗೆ ಇಣುಕುವವರು ಎಲ್ಲರೂ ಅಲ್ಲಿ ಇರುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಹೈಸ್ಕೂಲಿನ ಗೇಟಿನಲ್ಲಿ ಮತ್ತೆ ಇದೇ ಜಾತ್ರೆ. ಈ ಎರಡು ಜಾತ್ರೆಗಳ ನಡುವೆ ಆರು, ಏಳು, ಎಂಟನೆಯ ತರಗತಿಗಳೆಂಬ ಮೂರು ವರ್ಷಗಳಿವೆ. ನಾವು ಹುಡುಗರಾಗಿದ್ದಾಗ ‘ಮಿಡ್ಲ್ ಸ್ಕೂಲು’ ಎನ್ನುತ್ತಿದ್ದ ಈ ವಯಸ್ಸಿನ ಮಕ್ಕಳ ಹಿಂದೆ ಗೇಟಿನವರೆಗೂ ಯಾರೂ ಬರುವುದಿಲ್ಲ. ‘ಇನ್ನು ದೊಡ್ಡೋನಾದ, ಅವನೇ ಹೋಗ್ತಾನೆ’ ಎಂದು ಮನೆಯವರು ಕೈತೊಳೆದುಕೊಂಡಿರುತ್ತಾರೆ.

ವಿಜ್ಞಾನದ ಮೇಷ್ಟ್ರಾಗಿ ಇಪ್ಪತ್ತೇಳು ವರ್ಷ ಕಳೆದ ನನಗೆ ಈ ಮೂರು ವರ್ಷಗಳದೇ ಚಿಂತೆ. ಐದನೆಯ ತರಗತಿಯವರೆಗೆ ‘ಪರಿಸರ ಅಧ್ಯಯನ’ ಎಂದು ಒಂದೇ ಪುಸ್ತಕದಲ್ಲಿದ್ದ ವಿಷಯ ಆರಕ್ಕೆ ಬಂದೊಡನೆ ವಿಜ್ಞಾನ, ಸಮಾಜ ವಿಜ್ಞಾನ ಎಂದು ಒಡೆಯುತ್ತದೆ. ಭಿನ್ನರಾಶಿ ಕೈಕೊಟ್ಟವನಿಗೆ ಬೀಜಗಣಿತ ಬಂದು ಎದುರು ನಿಲ್ಲುತ್ತದೆ. ಮೈ ಬೆಳೆಯುತ್ತದೆ, ದನಿ ಒಡೆಯುತ್ತದೆ. ನಿನ್ನೆಯವರೆಗೆ ಮುಂದಿನ ಸಾಲಿನಲ್ಲಿ ಕೈ ಎತ್ತುತ್ತಿದ್ದ ಹುಡುಗಿ ಹಿಂದಿನ ಸಾಲಿಗೆ ಸರಿಯುತ್ತಾಳೆ. ಹೈಸ್ಕೂಲು ಬೇರೆ ಊರಿನಲ್ಲಿದ್ದರಂತೂ ‘ಓದಿದ್ದು ಸಾಕು’ ಎಂಬ ತೀರ್ಮಾನ ಮನೆಯಲ್ಲಿ ಆಗುವುದೂ ಈ ವರ್ಷಗಳಲ್ಲೇ. ಆ ತೀರ್ಮಾನವಾಗುವ ಹೊತ್ತಿಗೆ ನಮಗೂ ಆ ಮನೆಗೂ ಮಾತುಕತೆಯೇ ಇರುವುದಿಲ್ಲ.

ಕಾಗದದ ಮೇಲೆ ಏರ್ಪಾಡಿಗೇನೂ ಕೊರತೆಯಿಲ್ಲ. ಭೌತವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಹೇಳಿತು. ಒಳ್ಳೆಯ ಕಾನೂನು. ಆದರೆ ಸಭೆಗೆ ಬರುವವರು ಯಾರು? ನಮ್ಮ ಶಾಲೆಯಲ್ಲಿ ವರ್ಷಗಟ್ಟಲೆ ಪೋಷಕರ ಸಭೆಯೆಂದರೆ ಇಷ್ಟೇ ಆಗಿತ್ತು: ಮಕ್ಕಳ ಕೈಯಲ್ಲಿ ಚೀಟಿ ಕಳಿಸುವುದು, ಬಂದ ಹತ್ತು ಹನ್ನೆರಡು ಮಂದಿಯನ್ನು ಬೆಂಚಿನ ಮೇಲೆ ಕೂರಿಸಿ ಅವರ ಮಕ್ಕಳ ಅಂಕಗಳನ್ನು ಎಲ್ಲರೆದುರು ಓದುವುದು, ‘ಮನೆಯಲ್ಲಿ ಸ್ವಲ್ಪ ಗಮನ ಕೊಡಿ’ ಎಂದು ಉಪದೇಶಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿ ಕಳಿಸುವುದು. ಹಾಗೆ ಓದಿದವರಲ್ಲಿ ನಾನೂ ಒಬ್ಬ. ಒಮ್ಮೆ ಸಂತೆಯಲ್ಲಿ ಸಿಕ್ಕ ತಾಯಿಯೊಬ್ಬರು ನಗುತ್ತಲೇ ಹೇಳಿದರು: ‘ಬೈಸ್ಕಳಾಕೆ ಒಂದಿನದ ಕೂಲಿ ಬುಟ್ಟು ಬರಬೇಕಾ ಮೇಷ್ಟ್ರೆ?’

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು 2019ರ ಡಿಸೆಂಬರ್ 26ರಂದು. ಅಂದು ಮಂಗಳೂರಿನಲ್ಲಿ, ದಕ್ಷಿಣ ಕೊಡಗಿನಲ್ಲಿ ಕಂಕಣ ಸೂರ್ಯಗ್ರಹಣ. ಮೈಸೂರು ಸೀಮೆಯ ನಮ್ಮಲ್ಲೂ ಸೂರ್ಯನ ಬಹುಭಾಗ ಮರೆಯಾಗಿತ್ತು. ವಾರದಿಂದ ತಯಾರಿ ನಡೆಸಿದ್ದೆ. ಸುರಕ್ಷಿತ ಕನ್ನಡಕ ತರಿಸಿದ್ದೆ, ರಟ್ಟಿಗೆ ಸೂಜಿರಂಧ್ರ ಮಾಡಿ ಗೋಡೆಯ ಮೇಲೆ ಬಿಂಬ ಬೀಳಿಸುವುದನ್ನು ಕಲಿಸಿದ್ದೆ. ‘ಮಕ್ಕಳನ್ನು ಬೇಗ ಕಳಿಸಿಕೊಡಿ’ ಎಂದು ಚೀಟಿಯನ್ನೂ ಕಳಿಸಿದ್ದೆ. ನೂರ ನಲವತ್ತೆಂಟು ಮಕ್ಕಳಲ್ಲಿ ಬಂದವರು ಹತ್ತೊಂಬತ್ತು. ಉಳಿದವರನ್ನು ಮನೆಯಲ್ಲಿ ಬಾಗಿಲು ಹಾಕಿ ಕೂರಿಸಿದ್ದರು.

ಸಿಟ್ಟು ಬಂತು. ಸಂಜೆ ಸಿಟ್ಟು ಇಳಿದ ಮೇಲೆ ನನ್ನದೇ ಕತೆ ನೆನಪಾಯಿತು. 1980ರ ಫೆಬ್ರುವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋದಾಗ ನಾನು ಐದನೆಯ ತರಗತಿ. ನಮ್ಮೂರಿನಲ್ಲಿ ಪಾರ್ಶ್ವಗ್ರಹಣ. ನಮ್ಮ ಮೇಷ್ಟ್ರು ಗಾಜಿಗೆ ಮಸಿ ಹಿಡಿಸಿ ಇಟ್ಟುಕೊಂಡಿದ್ದರಂತೆ (ಅದು ಕಣ್ಣಿಗೆ ಅಪಾಯ, ಈಗ ಯಾರೂ ಹಾಗೆ ಮಾಡಬಾರದು). ನಾನು ನೋಡಲಿಲ್ಲ. ನಡುಮನೆಯಲ್ಲಿ ಕಂಬಳಿಯ ಮೇಲೆ ಕೂತಿದ್ದೆ, ಅಪ್ಪ ಚಿಲಕ ಹಾಕಿ ಬಾಗಿಲಿಗೆ ಒರಗಿದ್ದರು. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೇ? ಅವರಿಗೆ ಭಯವಿತ್ತು, ಅಷ್ಟೆ. ನಮ್ಮ ಮೇಷ್ಟ್ರು ಅವರೊಂದಿಗೆ ಒಂದು ದಿನವೂ ಮಾತಾಡಿದವರಲ್ಲ. ನಾನು ಕಳಿಸಿದ ಚೀಟಿಯಲ್ಲೂ ‘ಮಕ್ಕಳನ್ನು ಕಳಿಸಿ’ ಎಂದಿತ್ತೇ ಹೊರತು ‘ನೀವೂ ಬನ್ನಿ’ ಎಂದಿರಲಿಲ್ಲ.

ಗ್ರಹಣ ಕೇಳಿದಾಗ ಸಿಗುವಂಥದ್ದಲ್ಲ. ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಸೂರ್ಯ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುವ ಶೂನ್ಯ ನೆರಳಿನ ದಿನವನ್ನು ಮಾಡೋಣವೆಂದರೆ ಅದೊಂದು ತಮಾಷೆ. ಬೆಂಗಳೂರು-ಮೈಸೂರು ಕಡೆಗೆ ಅದು ಏಪ್ರಿಲ್ ಕೊನೆಯ ಭಾಗದಲ್ಲಿ ಬರುತ್ತದೆ, ಆಗ ಬೇಸಿಗೆ ರಜೆ. ಮತ್ತೆ ಆಗಸ್ಟ್ 20ರ ಆಸುಪಾಸಿನಲ್ಲಿ ಬರುತ್ತದೆ, ಆಗ ಮೋಡ. ಆದ್ದರಿಂದ 2022ರಲ್ಲಿ ನಾನು ಹಿಡಿದದ್ದು ಡಿಸೆಂಬರ್ 22ನ್ನು. ಹಗಲು ಅತಿ ಚಿಕ್ಕದಾಗಿರುವ ದಿನಗಳು, ಆಕಾಶ ಸಾಮಾನ್ಯವಾಗಿ ತಿಳಿ, ಜೊತೆಗೆ ರಾಮಾನುಜನ್ ಅವರ ಹುಟ್ಟಿದ ದಿನವಾದ್ದರಿಂದ ರಾಷ್ಟ್ರೀಯ ಗಣಿತ ದಿನ.

ಕೆಲಸ ಸರಳ. ಒಂದು ಮೀಟರ್ ಉದ್ದದ ಕೋಲನ್ನು ಸಮತಟ್ಟಾದ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸುವುದು. ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡುವುದು. ನೆರಳು ಕುಗ್ಗುತ್ತಾ ಬಂದು ನಮ್ಮಲ್ಲಿ ಸುಮಾರು 12.22ಕ್ಕೆ ಅತಿ ಗಿಡ್ಡವಾಗಿ ಮತ್ತೆ ಬೆಳೆಯುತ್ತದೆ. ಆ ಗಿಡ್ಡ ನೆರಳೇ ನಮ್ಮೂರಿನ ನಿಜವಾದ ನಡುಹಗಲು. ಗಡಿಯಾರದ ಹನ್ನೆರಡು ಅಲಹಾಬಾದಿನ ಕಡೆಯಿಂದ, ಅಂದರೆ 82.5 ಡಿಗ್ರಿ ರೇಖಾಂಶದಿಂದ, ಬಂದ ಲೆಕ್ಕ. ಬಿ.ಎಡ್.ನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಬೀದರಿನ ಹತ್ತಿರ ಮೇಷ್ಟ್ರು. ಅವನೂ ಅದೇ ದಿನ ಕೋಲು ನೆಟ್ಟ. ನಾವು ಉತ್ತರ ಅಕ್ಷಾಂಶ 12.3ರಲ್ಲಿ, ಅವರು 17.9ರಲ್ಲಿ, ದಕ್ಷಿಣೋತ್ತರವಾಗಿ ನೇರ ಅಳೆದರೆ ನಡುವೆ 620 ಕಿಲೋಮೀಟರ್. ಎರಡು ಊರಿನ ನೆರಳಿನ ಕೋನಗಳ ವ್ಯತ್ಯಾಸ ಗೊತ್ತಾದರೆ ಭೂಮಿಯ ಸುತ್ತಳತೆ ಸಿಕ್ಕಂತೆಯೇ. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ ಲೆಕ್ಕವಿದು. ಸೂರ್ಯನನ್ನು ನೋಡಬೇಕಿಲ್ಲ, ನೆಲ ನೋಡಿದರೆ ಸಾಕು, ಹೆದರುವವರಿಗೂ ಅಭ್ಯಂತರವಿಲ್ಲ.

ಈ ಸಲದ ಚೀಟಿಯಲ್ಲಿ ‘ನೀವೂ ಬನ್ನಿ, ಅಂಕದ ಮಾತು ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದೆ. ಮೂವತ್ತಕ್ಕೂ ಹೆಚ್ಚು ಮಂದಿ ಬಂದರು. ನಮ್ಮ ನೆರಳು 73 ಸೆಂಟಿಮೀಟರ್, ಬೀದರಿನದು 87. ಏಳನೆಯ ತರಗತಿಯವರು ದೊಡ್ಡ ಹಾಳೆಯಲ್ಲಿ ತ್ರಿಭುಜ ಬರೆದು ಕೋನಮಾಪಕ ಇಟ್ಟರು: 36 ಡಿಗ್ರಿ, 41 ಡಿಗ್ರಿ. ವ್ಯತ್ಯಾಸ 5. ಅಂದರೆ ಭೂಮಿಯ ಸುತ್ತಳತೆ 44,640 ಕಿಲೋಮೀಟರ್! ಪುಸ್ತಕದಲ್ಲಿರುವುದು ಸುಮಾರು 40,000. ಮಕ್ಕಳ ಮುಖ ಬಾಡಿತು. ನನಗೆ ಮಾತ್ರ ಒಳಗೊಳಗೇ ಖುಷಿ. ಉತ್ತರ ಸರಿ ಬಂದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದುಹೋಗುತ್ತಿದ್ದರು. ತಪ್ಪಿದ್ದರಿಂದ ಯಾಕೆಂಬ ಪ್ರಶ್ನೆ ಉಳಿಯಿತು. ನೆರಳಿನ ಅಂಚು ಮಬ್ಬು ಎಂದ ಒಬ್ಬ, ಬೀದರಿನವರು ಸರಿಯಾಗಿ ಅಳೆದಿಲ್ಲ ಎಂದ ಇನ್ನೊಬ್ಬ. ಫೋನಿನಲ್ಲಿ ಬೀದರಿನ ಮಕ್ಕಳೂ ನಮ್ಮ ಬಗ್ಗೆ ಅದನ್ನೇ ಹೇಳುತ್ತಿದ್ದರು.

ಉತ್ತರ ಸಿಕ್ಕಿದ್ದು ಒಂದು ವರ್ಷದ ನಂತರ. ಆಗ ಏಳನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳ ತಂದೆ ಗಾರೆ ಕೆಲಸದವರು. ಅವರು ಒಂದು ಸಭೆಗೂ ಬಂದವರಲ್ಲ. ಕಾರಣ ಕೇಳಿದರೆ ಅವರ ಹೆಂಡತಿ ಹೇಳಿದ್ದು: ‘ಸೈನು ಬರಕಿಲ್ಲ ಕಣ್ ಮೇಷ್ಟ್ರೆ. ಮಗಳ ಮುಂದೆ ಹೆಬ್ಬೆಟ್ಟು ಒತ್ತಾಕೆ ನಾಚ್ಕತಾರೆ.’ ಹೆಡ್ಮಾಸ್ಟರ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿ ಸದಾ ತೆರೆದಿರುತ್ತಿದ್ದ ನೀಲಿ ಶಾಯಿಯ ಪ್ಯಾಡು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ. ಇಷ್ಟು ವರ್ಷ ಅದು ಅಲ್ಲೇ ಇತ್ತು. 2023ರ ಡಿಸೆಂಬರ್ 22ರಂದು ಪುಸ್ತಕವನ್ನೂ ಪ್ಯಾಡನ್ನೂ ಬೀರುವಿಗೆ ಸೇರಿಸಿ, ‘ಕೋಲು ನೆಟ್ಟಗೆ ನಿಲ್ಲಿಸೋಕೆ ಗೊತ್ತಿರುವವರು ಒಬ್ಬರು ಬೇಕಾಗಿದ್ದಾರೆ’ ಎಂದು ಮಗಳ ಕೈಲಿ ಹೇಳಿ ಕಳಿಸಿದೆ.

ಬಂದರು. ಕೆಲಸದ ಚೀಲವನ್ನೂ ತಂದಿದ್ದರು. ನಾವು ಕಣ್ಣಳತೆಯಲ್ಲಿ ನಿಲ್ಲಿಸಿದ್ದ ಕೋಲನ್ನು ನೋಡಿ ತಲೆ ಆಡಿಸಿ, ಚೀಲದಿಂದ ತೂಗುಗುಂಡು ತೆಗೆದು ಎರಡು ಕಡೆಯಿಂದ ಹಿಡಿದರು. ಕೋಲು ಕೂದಲೆಳೆಯಷ್ಟು ವಾಲಿತ್ತು. ಆಮೇಲೆ ನೆಲದ ಮೇಲೆ ಮಟ್ಟಗೋಲು, ಅದರ ಮೇಲೆ ರಸಮಟ್ಟ. ಒಂದು ಮೀಟರ್ ಕೋಲು ಉತ್ತರಕ್ಕೋ ದಕ್ಷಿಣಕ್ಕೋ ಅರ್ಧ ಡಿಗ್ರಿ ವಾಲಿದರೆ ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರ್ ಸರಿಯುತ್ತದೆ. ಅಂಗಳದ ಆ ಒಂದು ಸೆಂಟಿಮೀಟರ್ ಭೂಮಿಯ ಲೆಕ್ಕದಲ್ಲಿ ಸಾವಿರಾರು ಕಿಲೋಮೀಟರ್ ಆಗಿಬಿಡುತ್ತದೆ. ಗಿಡ್ಡ ನೆರಳು ಬಿದ್ದ ಗೆರೆಯನ್ನು ಅವರು ಬಹಳ ಹೊತ್ತು ನೋಡಿ, ‘ನಮ್ಮಪ್ಪ ಪಾಯ ತೆಗೆಯುವಾಗ ಹಿಂಗೇ ಗೂಟ ಹೊಡೆದು ಉತ್ತರ ನೋಡೋರು’ ಎಂದರು. ಶಂಕುಸ್ಥಾಪನೆ ಎಂಬ ಮಾತು ನಮಗೆಲ್ಲ ಆಹ್ವಾನ ಪತ್ರಿಕೆಯಲ್ಲಿ ಗೊತ್ತು. ಶಂಕು ಎಂದರೆ ಗೂಟ. ನೆರಳು ನೋಡಿ ದಿಕ್ಕು ಗೊತ್ತುಮಾಡುವ ಗೂಟಕ್ಕೂ ಅದೇ ಹೆಸರು. ಪಾಠ ಮಾಡಬೇಕಾದ ನಾನು ಅಂದು ಕೇಳಿಸಿಕೊಳ್ಳುವವನಾದೆ. ಮಗಳು ಅಪ್ಪನ ಪಕ್ಕದಲ್ಲಿ ದಾರ ಹಿಡಿದು ನಿಂತಿದ್ದಳು.

ಆ ವರ್ಷ ನಮ್ಮ ನೆರಳು 72. ಬೀದರಿನಲ್ಲೂ ತೂಗುಗುಂಡು ಹಿಡಿಸಿದ್ದರು, ಅಲ್ಲಿ 87.5. ಕೋನದ ವ್ಯತ್ಯಾಸ ಐದೂವರೆ ಡಿಗ್ರಿ. ಸುತ್ತಳತೆ 40,600ರ ಹತ್ತಿರ.

ಅದರ ಮರುವರ್ಷ ಆ ಮನುಷ್ಯ ಯಾರೂ ಕರೆಯದೆ ಶಾಲೆಗೆ ಬಂದರು. ಎಂಟನೆಯ ತರಗತಿಯವರಿಗೆ ಅದೇನೋ ಪರೀಕ್ಷೆ ಇದೆಯಂತಲ್ಲ, ಮಗಳು ಕಟ್ಟುತ್ತಾಳಂತೆ, ಏನೇನು ಕಾಗದ ಬೇಕು ಎಂದು ಕೇಳಿದರು. ಅವರು ಕೇಳಿದ್ದು ಎನ್‌ಎಂಎಂಎಸ್ ಬಗ್ಗೆ. ಇದನ್ನು ಎಲ್ಲ ತಂದೆತಾಯಂದಿರೂ ತಿಳಿದಿರಬೇಕು. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿ ಓದುತ್ತಿರುವ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮಕ್ಕಳಿಗೆ ಈ ಪರೀಕ್ಷೆ. ಮಾನಸಿಕ ಸಾಮರ್ಥ್ಯದ್ದು 90 ಪ್ರಶ್ನೆ, ಪಾಠದ ವಿಷಯಗಳದು 90. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಅರ್ಜಿಯ ಸಮಯದಲ್ಲಿ ನಾಡಕಚೇರಿಗೆ ಓಡುವುದಕ್ಕಿಂತ ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು. ಹುಡುಗಿ ಪರೀಕ್ಷೆ ಬರೆದಳು, ಆಯ್ಕೆಯಾಗಲಿಲ್ಲ. ಆದರೆ ಎಂಟು ಮುಗಿದ ಮೇಲೆ ಹೋಬಳಿಯ ಹೈಸ್ಕೂಲಿಗೆ ಸೇರಿಸಲು ಅವಳ ಜೊತೆ ಹೋದದ್ದು ಅವಳ ಅಪ್ಪನೇ. ಅಕ್ಕನನ್ನು ಏಳಕ್ಕೇ ಬಿಡಿಸಿದ್ದ ಮನೆ ಅದು.

ಇನ್ನು ಮುಂದಿನ ಕಾರ್ಯಕ್ರಮಗಳ ಮಾತು. ಆರನೆಯ ತರಗತಿಯಿಂದ ಮೇಲಿನ ಮಕ್ಕಳು ತಮ್ಮ ಹೊಸ ಆಲೋಚನೆಗಳನ್ನು ಇನ್‌ಸ್ಪೈರ್ ಪ್ರಶಸ್ತಿಗೆ ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ. ಮನೆಯ ಕೆಲಸದಲ್ಲಿ ನಿಮಗೆ ತೊಡಕಾಗುವ ಒಂದು ಸಂಗತಿಯನ್ನು ಮಗುವಿಗೆ ಹೇಳಿ, ಬೇರೆ ಸಹಾಯ ಬೇಡ. ಮಾದರಿಯನ್ನು ನೀವೇ ಅಂಗಡಿಯಿಂದ ತಂದುಕೊಡಬೇಡಿ, ನಮಗೆ ಗೊತ್ತಾಗುತ್ತದೆ. ಜಂತುಹುಳುವಿನ ಮಾತ್ರೆ ಕೊಡುವ ದಿನ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಹೊಟ್ಟೆಯಲ್ಲಿ ಹುಳು ಹೆಚ್ಚಿದ್ದವರಿಗೆ ಸ್ವಲ್ಪ ವಾಕರಿಕೆ, ಹೊಟ್ಟೆನೋವು ಬರುವುದುಂಟು. ಅನುಮಾನವಿದ್ದವರು ಅಂದು ಶಾಲೆಗೆ ಬಂದು ಜೊತೆಯಲ್ಲೇ ಕೂತುಕೊಳ್ಳಿ. 2027ರ ಆಗಸ್ಟ್ 2ರ ಸೋಮವಾರ ಇಳಿಹೊತ್ತಿನಲ್ಲಿ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ. ಮೋಡ ಬಿಟ್ಟುಕೊಟ್ಟರೆ ಕನ್ನಡಕ ನಮ್ಮಲ್ಲಿದೆ. ಈ ಸಲದ ಚೀಟಿ ಮಕ್ಕಳ ಹೆಸರಿಗಲ್ಲ, ನಿಮ್ಮ ಹೆಸರಿಗೆ ಬರುತ್ತದೆ.

ಡಿಸೆಂಬರ್ 22ಕ್ಕೆ ಎಂದಿನಂತೆ ಕೋಲು ನೆಡುತ್ತೇವೆ. ಭಾನುವಾರ ಬಂದರೆ ಹಿಂದಿನ ದಿನವೋ ಮರುದಿನವೋ ಮಾಡಿದರೂ ನೆರಳಿನಲ್ಲಿ ಕಾಣುವಂಥ ವ್ಯತ್ಯಾಸವಾಗದು. ಹನ್ನೊಂದೂವರೆಗೆ ಬನ್ನಿ, ತಲೆಗೊಂದು ಟವೆಲ್ ಇರಲಿ. ಬೇರೆ ಊರಿನ ಮಕ್ಕಳೂ ಅಪ್ಪ ಅಮ್ಮನನ್ನು ಕರೆದುಕೊಂಡು ತಮ್ಮ ಅಂಗಳದಲ್ಲೇ ಅಳೆಯಬಹುದು. ಒಂದು ಮೀಟರ್ ಕೋಲಿಗೆ ಬೆಂಗಳೂರಿನಲ್ಲಿ ಸುಮಾರು 74 ಸೆಂಟಿಮೀಟರ್, ಚಿತ್ರದುರ್ಗದಲ್ಲಿ 77, ಹುಬ್ಬಳ್ಳಿಯಲ್ಲಿ 80, ಕಲಬುರಗಿಯಲ್ಲಿ 86 ಬರಬೇಕು. ಬರದಿದ್ದರೆ ಊರಿನ ಗಾರೆಯವರನ್ನು ಕರೆದು ತೂಗುಗುಂಡು ಹಿಡಿಸಿ ನೋಡಿ.